ಇಪ್ಪತ್ತೈದು ವರ್ಷದ ಗ್ಯಾರಂಟಿ

ನನ್ನ ತಮ್ಮ ಇಪ್ಪತ್ತೆರಡು ವರ್ಷ ಶಾಸಕನಾಗಿದ್ದ. ಅಷ್ಟು ವರ್ಷ ಸದನದಲ್ಲಿ ಏನು ಮಾಡಿದ ಎಂದು ಯಾರಾದರೂ ಕೇಳಿದರೆ, ಕೂತಿದ್ದ ಎನ್ನುತ್ತೇನೆ. ಜನ ನಗುತ್ತಾರೆ. ನಗಲಿ. ಕೂರುವುದು ಎಷ್ಟು ಕಷ್ಟದ ಕೆಲಸವೆಂದು, ಅವನು ಕೂತದ್ದನ್ನು ಕಣ್ಣಾರೆ ಕಂಡ ನನಗೆ ಗೊತ್ತು.

ಮೊದಲಿಗೆ ಅವನು ಬೆತ್ತದ ಕುರ್ಚಿ ಹೆಣೆಯುವವನು. ನಮ್ಮಪ್ಪನ ಕಸುಬೂ ಅದೇ. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಾಗಿಲ ಪಕ್ಕ ಬೆತ್ತ ನೆನೆಹಾಕುವ ತೊಟ್ಟಿ, ಗೋಡೆಗೆ ಒರಗಿಸಿದ, ಸೀಟಿಲ್ಲದ ಬರೀ ಚೌಕಟ್ಟುಗಳು. ಅಪರಿಚಿತರು ಯಾರಾದರೂ ಕತ್ತಲಲ್ಲಿ ಬಂದು ಕೂತರೆ ನೇರವಾಗಿ ನೆಲ ಕಾಣುತ್ತಿದ್ದರು. ತಮ್ಮನ ಕಿವಿ ಮಾತ್ರ ಬಹಳ ಸೂಕ್ಷ್ಮ. ಒಳಕೋಣೆಯಲ್ಲಿ ಊಟಕ್ಕೆ ಕೂತಿದ್ದರೂ, ಹೊರಗೆ ಗಿರಾಕಿಯ ಕುರ್ಚಿ ಕಿರ್ ಎಂದರೆ, "ಎಡಗಡೆ ಮೂರನೇ ಎಳೆ ಹೋಗ್ತಾ ಇದೆ" ಎಂದು ಅಲ್ಲಿಂದಲೇ ಕೂಗುತ್ತಿದ್ದ. ಹೋಗಿ ನೋಡಿದರೆ ಮೂರನೆಯದೇ. ಬೀದಿಯವರು ಇದನ್ನು ಪವಾಡದಂತೆ ಹೇಳಿಕೊಳ್ಳುತ್ತಿದ್ದರು. ಅವನಿಗೂ ಅದು ಹಾಗೇ ಅನ್ನಿಸಿತ್ತು.

ಒಂದು ದಿನ, ಬಸ್ಸಿನಲ್ಲಿ ಒಂದು ಗಂಟೆ ದೂರದ ರಾಜಧಾನಿಯಿಂದ ಸದನದ ಗುಮಾಸ್ತರು ಬಂದರು. ಶಾಸಕರು ಕೂರುವ ನೂರ ನಲವತ್ತು ಕುರ್ಚಿಗಳ ಬೆತ್ತ ಹೊಸದಾಗಿ ಹೆಣೆಯಬೇಕಿತ್ತು. "ಎಷ್ಟು ವರ್ಷ ಬಾಳಿಕೆ ಬರುತ್ತೆ?" ಎಂದು ಕೇಳಿದರು. ತಮ್ಮ ಒಂದು ಗಳಿಗೆ ಕಣ್ಣು ಮುಚ್ಚಿ, "ಇಪ್ಪತ್ತೈದು" ಎಂದ. ಎದುರುಮನೆಯ ಕಟಿಂಗ್ ಶಾಪಿನವನು ಗ್ಯಾರಂಟಿ ಪತ್ರ ಬರೆದ. ನಮ್ಮ ಬೀದಿಯಲ್ಲಿ ಕೈಬರಹ ಚೆನ್ನಾಗಿದ್ದವನು ಅವನೊಬ್ಬನೇ. ತಮ್ಮ ಹೇಗೋ ಸಹಿ ಎಳೆದ. ಮನೆಯ ಹಿರಿಯರ ಸಾಕ್ಷಿ ಬೇಕೆಂದು ಗುಮಾಸ್ತರು ಇಂಕ್ ಪ್ಯಾಡ್ ತೆಗೆದು ನನ್ನ ಮುಂದೆ ಇಟ್ಟರು. ನಾನು ಹೆಬ್ಬೆಟ್ಟು ಒತ್ತಿದೆ. ಬೆರಳಿನ ಮಸಿ ಮೂರು ದಿನ ಹೋಗಲಿಲ್ಲ, ಆ ಮೂರು ದಿನವೂ ನಾನು ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡಿದ್ದೆ.

ಇದಾಗಿ ಆರು ವರ್ಷಕ್ಕೆ ಅವನು ಶಾಸಕನಾದ. ಅದರ ಕಾರಣ ಒಂದು ಕಲ್ಲುಬೆಂಚು. ಬಸ್‌ಸ್ಟ್ಯಾಂಡಿನ ಹಳೆಯ ಕಲ್ಲುಬೆಂಚನ್ನು ಒಡೆದು ಪ್ಲಾಸ್ಟಿಕ್ ಸೀಟು ಹಾಕಲು ಪುರಸಭೆಯವರು ಸುತ್ತಿಗೆ ಹಿಡಿದು ಬಂದಾಗ, ತಮ್ಮ ಅದರ ಮೇಲೆ ಬೆತ್ತದ ಕಟ್ಟು ಇಟ್ಟುಕೊಂಡು ಕೂತಿದ್ದ. "ಏಳ್ರೀ" ಎಂದರು. ಏಳಲಿಲ್ಲ. ಗದರಿಸಿದರು. ಏಳಲಿಲ್ಲ. ಇಂಜಿನಿಯರ್ ಬಂದ, ಪೊಲೀಸ್ ಬಂದ, ಜನ ಸೇರಿದರು. ಬೆಂಚನ್ನು ಉಳಿಸಲು ಒಬ್ಬ ಬಡ ಕುಶಲಕರ್ಮಿ ಪ್ರಾಣ ಕೊಡಲು ಸಿದ್ಧನಾಗಿದ್ದಾನೆ ಎಂದು ಯಾರೋ ಹೇಳಿದರು. ನಿಜ ಹೇಳಬೇಕೆಂದರೆ ಅವನ ಎರಡೂ ಕಾಲು ಜೋಮು ಹಿಡಿದಿದ್ದವು. ಜೋಮು ಬಿಡುವಷ್ಟರಲ್ಲಿ ಪುರಸಭೆ ಸೋತಿತ್ತು.

ಆ ಗುಂಪಿನಲ್ಲಿ ಸದಾ ಕೊಡೆ ಹಿಡಿದು ಓಡಾಡುವ, ಪಕ್ಕದ ಕ್ಷೇತ್ರದ ಶಾಸಕರೂ ಆಗಿದ್ದ ಒಂದು ಪಕ್ಷದ ಹಿರಿಯರಿದ್ದರು. ಇರುವುದನ್ನು ಕೆಡಿಸಬಾರದು ಎಂಬುದು ಅವರ ಪಕ್ಷದ ಒಂದೇ ಸಿದ್ಧಾಂತ. ಅಂಥ ಪಕ್ಷಕ್ಕೆ, ಎಬ್ಬಿಸಿದರೂ ಏಳದ ಮನುಷ್ಯನಿಗಿಂತ ಒಳ್ಳೆಯ ಅಭ್ಯರ್ಥಿ ಎಲ್ಲಿ ಸಿಗಬೇಕು? ಚುನಾವಣೆಯಲ್ಲಿ ತಮ್ಮ ಊರೂರು ತಿರುಗಿ ಒಂದೇ ಮಾತು ಹೇಳಿದ: "ಇರೋದು ಇರಲಿ." ಗೆದ್ದ. ಅಂದಿನಿಂದ ಜನ ಅವನನ್ನು ಇರಲಿ ಸಾಹೇಬರು ಎಂದು ಕರೆದರು.

ಸದನದಲ್ಲಿ ಅವನು ಕೇಳಿ ಪಡೆದದ್ದು ನಲವತ್ತೇಳನೆಯ ಕುರ್ಚಿ. ಅವನು ಹೆಣೆದ ನೂರ ನಲವತ್ತರಲ್ಲಿ ಅದೇ ಉತ್ತಮ ಎಂದು ಅವನ ಅಭಿಪ್ರಾಯ. ಅಲ್ಲಿ ಮತ ಹಾಕುವ ಕ್ರಮ ಸುಲಭ. ಮಸೂದೆ ಬೇಕೆನ್ನುವವರು ಎದ್ದು ನಿಲ್ಲಬೇಕು, ಬೇಡವೆನ್ನುವವರು ಕೂತಿರಬೇಕು. ಗುಮಾಸ್ತರು ತಲೆ ಎಣಿಸುತ್ತಾರೆ. ಇದರ ಬದಲು ಗುಂಡಿ ಒತ್ತುವ ಯಂತ್ರ ತರೋಣ ಎಂದು ಒಮ್ಮೆ ಮಸೂದೆ ಬಂದಿತ್ತು. ತಮ್ಮ ಕೂತೇ ಇದ್ದು ಅದನ್ನು ಸೋಲಿಸಿದ. ಅವತ್ತು ಎದ್ದಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ, ನಾನೂ ಇದನ್ನು ಬರೆಯುತ್ತಿರಲಿಲ್ಲ.

ಹದಿನಾರು ವರ್ಷ ಅವನು ಒಂದೇ ಒಂದು ಹೊಸ ವಿಷಯಕ್ಕೂ ಎದ್ದು ನಿಲ್ಲಲಿಲ್ಲ. ಹೊಸ ಲಾಂಛನ ಬೇಡ, ಹೊಸ ಗಡಿಯಾರ ಬೇಡ, ಕ್ಯಾಂಟೀನಿನ ಬಾಗಿಲಿಗೆ ಹೊಸ ಚಿಲಕವೂ ಬೇಡ. ಊರಿಗೆ ಬಂದಾಗ ಜನ ಕೈ ಮುಗಿದು, "ಈ ಸಲವೂ ಏಳಲಿಲ್ಲ ಅಲ್ವಾ ಸಾಹೇಬ್ರೇ?" ಎಂದು ವಿಚಾರಿಸುತ್ತಿದ್ದರು. "ಇಲ್ಲ" ಎಂದು ಅವನು ತಲೆ ಎತ್ತಿ ಹೇಳುತ್ತಿದ್ದ. ಹೀಗೆ ಅವನಿಗೆ ಹೆಮ್ಮೆ ಎರಡಿದ್ದವು. ತಾನು ಎಂದೂ ಎದ್ದಿಲ್ಲ ಎಂಬುದೊಂದು, ತನ್ನ ಕುರ್ಚಿ ಎಂದೂ ಮುರಿದಿಲ್ಲ ಎಂಬುದು ಇನ್ನೊಂದು.

ಎರಡೂ ಒಂದೇ ದಿನ ಅಲುಗಾಡಿದವು.

ಅವತ್ತು ಸದನದ ಮುಂದೆ ಸಂಜೆ-ಶಾಲೆಯ ಮಸೂದೆ ಇತ್ತು. ಚಿಕ್ಕಂದಿನಲ್ಲಿ ಓದಲಾಗದ ದೊಡ್ಡವರಿಗಾಗಿ ಪ್ರತಿ ಊರಿನ ಪ್ರಾಥಮಿಕ ಶಾಲೆಯನ್ನೂ ಸಂಜೆ ಆರರಿಂದ ಎಂಟರವರೆಗೆ ತೆರೆಯಬೇಕು ಎಂದು. ತಮ್ಮನ ಪಕ್ಷಕ್ಕೆ ಇದು ಸುತರಾಂ ಬೇಡ. ಅವನಿಗೂ ಬೇಡ. "ಶಾಲೆ ಅಂದ್ರೆ ಬೆಳಿಗ್ಗೆ ಹತ್ತಕ್ಕೆ ಗಂಟೆ ಹೊಡೀಬೇಕು. ಸಂಜೆ ಹೊಡೆದ್ರೆ ಅದು ಶಾಲೆನಾ?" ಎಂದು ನನ್ನೆದುರೇ ಹೇಳಿದ್ದ. ನಾನು ಅವರೆಕಾಳು ಬಿಡಿಸುತ್ತಿದ್ದೆ.

ಬೆಳಿಗ್ಗೆ ಹೊರಡುವಾಗ ಅವನ ಹೆಂಡತಿ ಹೊಸ ಕನ್ನಡಕ ತಂದು ಕೈಗೆ ಕೊಟ್ಟಳು. ಹಳೆಯದರಲ್ಲಿ ಅವನಿಗೆ ಸಭಾಧ್ಯಕ್ಷರು ಇಬ್ಬರಾಗಿ ಕಾಣುತ್ತಿದ್ದರು. "ಹಳೇದೇ ಇರಲಿ" ಎಂದ. "ಹಾಕ್ಕೊಳ್ಳದೆ ಹೊಸಿಲು ದಾಟಿದ್ರೆ ನೋಡಿ" ಎಂದಳು. ಅವಳ ಸಮಾಧಾನಕ್ಕೆ ಮೂಗಿನ ಮೇಲಿಟ್ಟುಕೊಂಡು ಹೊರಟವನು, ಬೀದಿಯ ತಿರುವಿನಲ್ಲಿ ತೆಗೆದು ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿದ.

"ಪರವಾಗಿರುವವರು ಎದ್ದು ನಿಲ್ಲಿ" ಎಂದು ಸಭಾಧ್ಯಕ್ಷರು ಹೇಳಿದರು. ಆ ಕಡೆಯ ಅರವತ್ತೊಂಬತ್ತು ಮಂದಿ ಎದ್ದರು. ಈ ಕಡೆ ಎಪ್ಪತ್ತು ಮಂದಿ ಕೂತರು. ಒಬ್ಬರು ಹಲ್ಲುನೋವೆಂದು ಬಂದಿರಲಿಲ್ಲ. ತಮ್ಮ ಇನ್ನಷ್ಟು ಭದ್ರವಾಗಿ ಕೂರೋಣವೆಂದು ಹಿಂದಕ್ಕೆ ಸರಿದ. ಕೆಳಗಿನಿಂದ ಪಟ್ ಎಂದು ಸದ್ದಾಯಿತು.

ಹೆಣೆಯುವವನ ಜೀವ ಅದು. ತನ್ನ ಬೆತ್ತ ತನ್ನ ಕೆಳಗೇ, ಇಡೀ ಸದನದ ಎದುರು, ಗ್ಯಾರಂಟಿ ಮುಗಿಯಲು ಇನ್ನೂ ಮೂರು ವರ್ಷ ಇರುವಾಗ ಮುರಿಯುವುದೆಂದರೇನು? ಕೆಂಡ ತುಳಿದವನ ಹಾಗೆ ಎದ್ದು ನಿಂತ.

ಗುಮಾಸ್ತರು ಎಣಿಸಿದರು. ಎದ್ದವರು ಎಪ್ಪತ್ತು, ಕೂತವರು ಅರವತ್ತೊಂಬತ್ತು. ಮಸೂದೆ ಪಾಸಾಯಿತು. ಆ ಕಡೆಯವರು ಓಡಿ ಬಂದು ತಮ್ಮನನ್ನು ಅಪ್ಪಿಕೊಂಡರು. ಅಪ್ಪುಗೆಯ ನಡುವೆಯೂ ಅವನು ಹಿಂದೆ ತಿರುಗಿ ಕುರ್ಚಿ ನೋಡಲು ಒದ್ದಾಡುತ್ತಿದ್ದನಂತೆ. ನಾಚಿಕೆಯ ಸ್ವಭಾವ ಎಂದು ಅವರು ತಿಳಿದರು.

ಮರುದಿನ ಬೆಳಿಗ್ಗೆ ಸದನ ತೆರೆಯುವ ಮೊದಲೇ ಹೋಗಿ ಕುರ್ಚಿಯ ಕೆಳಗೆ ಅಂಗಾತ ಮಲಗಿ ಒಂದೊಂದೇ ಎಳೆ ಮುಟ್ಟಿ ನೋಡಿದ. ಹೊಸಿಲಿನಿಂದ ಕಾವಲುಗಾರನಿಗೆ ಕಂಡದ್ದು ಎರಡು ಕಾಲು ಮಾತ್ರ. ಅವನು ಹೋಗಿ ಗುಮಾಸ್ತರಿಗೆ ಹೇಳಿದ. ಗುಮಾಸ್ತರು, ಮಾನ್ಯ ಸದಸ್ಯರು ಸದನದ ನೆಲದ ಮೇಲೆ ದೀರ್ಘಕಾಲ ಮೈಚಾಚಿದ್ದರು ಎಂದು ವರದಿ ಬರೆದರು. ಪತ್ರಿಕೆಯವರು ಅದರ ಮಾರನೆಯ ದಿನ ಅದಕ್ಕೆ, ಅಕ್ಷರವಿಲ್ಲದವರ ನೋವಿಗೆ ಕರಗಿ ಕಣ್ಣೀರಿಟ್ಟರು ಎಂದು ಸೇರಿಸಿದರು. ಕಟಿಂಗ್ ಶಾಪಿನವನು ಅದನ್ನು ಗಿರಾಕಿಯ ಅರ್ಧ ಗಡ್ಡ ಹಾಗೇ ಬಿಟ್ಟು ಬಂದು ನಮಗೆ ಓದಿ ಹೇಳಿದ.

ಕುರ್ಚಿ ಮುಟ್ಟಿ ನೋಡಿದ ದಿನವೇ ಮಧ್ಯಾಹ್ನ ತಮ್ಮ ಮನೆಗೆ ಬಂದು ಗೋಡೆಗೆ ಒರಗಿ ಕೂತ. "ಅಕ್ಕಾ, ಒಂದು ಎಳೆಯೂ ಹೋಗಿಲ್ಲ."

"ಒಳ್ಳೇದೇ ಆಯ್ತಲ್ಲೋ."

"ಮತ್ತೆ ಪಟ್ ಅಂದದ್ದು ಏನು?"

ಹಿತ್ತಲಿನಿಂದ ಅವನ ಹೆಂಡತಿ ಬಂದಳು. ಒಂದು ಕೈಯಲ್ಲಿ ಒಗೆಯಲು ಹಾಕಿದ್ದ ಪ್ಯಾಂಟು, ಇನ್ನೊಂದು ಕೈಯಲ್ಲಿ ಎರಡು ತುಂಡಾದ ಕನ್ನಡಕ. "ಇದಿರಬಹುದಾ ನೋಡಿ" ಎಂದಳು.

ಎಪ್ಪತ್ತು ತಲೆಯ ಎದುರು ಪಕ್ಷ ಸೋತದ್ದಕ್ಕಿಂತ ಅವನಿಗೆ ಬೇರೆಯದೇ ನೋವಾಯಿತು. ನಲವತ್ತು ವರ್ಷ ಬೆತ್ತದ ಸದ್ದು ಕೇಳಿದ ಕಿವಿ, ಕನ್ನಡಕ ಮುರಿದ ಸದ್ದನ್ನು ಬೆತ್ತ ಮುರಿದ ಸದ್ದು ಎಂದುಕೊಂಡಿತ್ತು. "ಇದನ್ನ ಯಾರಿಗೂ ಹೇಳಬೇಡಿ" ಎಂದ.

"ಯಾವುದನ್ನ? ಎದ್ದದ್ದನ್ನಾ?" ಎಂದಳು ಹೆಂಡತಿ. "ಅದು ಪೇಪರಲ್ಲಿ ಬಂದಾಯ್ತು."

"ಕೇಳಿಸಿಕೊಂಡದ್ದನ್ನ."

ಸಂಜೆ ಕೊಡೆ ಹಿರಿಯರು ಬಂದರು. ಕೊಡೆಯನ್ನು ಮಡಚದೆ ಒಳಗೆ ನುಗ್ಗಿದ್ದರಿಂದ ಅವರು ಬಾಗಿಲಲ್ಲಿ ಸ್ವಲ್ಪ ಹೊತ್ತು ಸಿಕ್ಕಿಕೊಂಡರು. ಬಿಡಿಸಿಕೊಂಡು ಬಂದವರು ಕೂರಲೂ ಇಲ್ಲ.

"ಹದಿನಾರು ವರ್ಷ ಕೂತವನಿಗೆ ಏನಪ್ಪಾ ಬಂತು?"

ತಮ್ಮ ಮುರಿದ ಕನ್ನಡಕವನ್ನು ಬೆನ್ನ ಹಿಂದೆ ಸರಿಸಿದ.

"ಆಗಿದ್ದು ಆಯ್ತು. ನಾಳೆ ಪಕ್ಷಕ್ಕೆ ಒಂದು ಕಾಗದ ಬರೆದುಕೊಡು. ಸಭಾಧ್ಯಕ್ಷರ ಹತ್ರ ನಾನು ಮಾತಾಡಿ ಮತ್ತೆ ಎಣಿಸೋಕೆ ಹೇಳ್ತೀನಿ. ಕುರ್ಚಿ ಹಳೇದು, ಬೆತ್ತದ ಕಡ್ಡಿ ಚುಚ್ಚಿತು, ನೋವಿಗೆ ಎದ್ದೆ ಅಂತ ಬರಿ. ಯಾರಿಗೂ ಅವಮಾನ ಇಲ್ಲ."

"ನನ್ನ ಬೆತ್ತ ಚುಚ್ಚಿತು ಅಂತಾನಾ?" ಎಂದ ತಮ್ಮ.

"ಒಂದು ಮಾತಿಗೆ ಕಣಯ್ಯಾ."

"ಇಪ್ಪತ್ತೆರಡು ವರ್ಷ ಆಯ್ತು ಅದನ್ನ ಹೆಣೆದು. ಇವತ್ತಿಗೂ ಮಗು ಕೆನ್ನೆ ಇದ್ದ ಹಾಗಿದೆ."

"ಹಾಗಾದ್ರೆ ಯಾಕೆ ಎದ್ದೆ, ಅದನ್ನಾದರೂ ಹೇಳು."

ತಮ್ಮ ನನ್ನ ಮುಖ ನೋಡಿದ. ನಾನು ತೊಟ್ಟಿಯಲ್ಲಿ ನೆನೆಯುತ್ತಿದ್ದ ಬೆತ್ತವನ್ನು ತಿರುವಿ ಹಾಕಿದೆ. ಕನ್ನಡಕವೆಂದರೆ ಕಿವಿಯ ಮರ್ಯಾದೆ ಹೋಗುತ್ತದೆ, ಕುರ್ಚಿಯೆಂದರೆ ಕೈಯ ಮರ್ಯಾದೆ. ಉಳಿದದ್ದು ಶಾಸಕಗಿರಿಯೊಂದೇ. ಅದನ್ನು ಬಿಟ್ಟುಕೊಡುವುದೇ ಸುಲಭ ಎಂದು ಅವನಿಗೆ ತೋರಿತು. ಕಟಿಂಗ್ ಶಾಪಿನವನನ್ನು ಕರೆಸಿ ಎರಡೇ ವಾಕ್ಯ ಬರೆಸಿದ: "ಎದ್ದದ್ದು ನಾನೇ. ಕುರ್ಚಿ ಸರಿಯಾಗಿದೆ."

ಪಕ್ಷದವರು ಆ ಎರಡು ವಾಕ್ಯವನ್ನು ಮೂರು ದಿನ ಚರ್ಚಿಸಿದರು. ಮೊದಲನೆಯದು ಉದ್ಧಟತನ, ಎರಡನೆಯದು ಬೆದರಿಕೆ ಎಂದು ತೀರ್ಮಾನಿಸಿ ಅವನನ್ನು ಹೊರಗೆ ಹಾಕಿದರು.

ಮುಂದಿನ ವರ್ಷ ಚುನಾವಣೆ. ಪಕ್ಷವಿಲ್ಲ, ಬಾವುಟವಿಲ್ಲ. ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಪಕ್ಕ ನಿಂತು ಮಾತಾಡಲು ಶುರು ಮಾಡಿದ. ಹಿಂದಿನಿಂದ ಒಬ್ಬ ಕೇಳಿದ, "ಸಾಹೇಬ್ರೇ, ಹದಿನಾರು ವರ್ಷ ಏಳದೋರು ಅವತ್ತು ಯಾಕೆ ಎದ್ರಿ?"

ತಮ್ಮನಿಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ, ನಿಜ ಹೇಳುವ ಧೈರ್ಯವಿಲ್ಲ.

"ಎದ್ದೆ" ಎಂದ. "ಅದು ಹಾಗೇ ಇರಲಿ."

ಇಂಥ ಗಟ್ಟಿ ಮಾತನ್ನು ಜನ ಯಾವ ನಾಯಕನ ಬಾಯಲ್ಲೂ ಕೇಳಿರಲಿಲ್ಲ. "ಒಂದು ಮಾತು ಜಾಸ್ತಿ ಆಡಲ್ಲ ನೋಡು" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಹಿಂದಿನ ಎಲ್ಲ ಸಲಕ್ಕಿಂತ ಹೆಚ್ಚು ಮತದಲ್ಲಿ ಗೆದ್ದ. ಮತ್ತೆ ಅದೇ ನಲವತ್ತೇಳನೆಯ ಕುರ್ಚಿಗೆ ಹೋಗಿ ಕೂತ.

ಅಷ್ಟರಲ್ಲಿ ನಮ್ಮೂರಲ್ಲೂ ಸಂಜೆ ಶಾಲೆ ಶುರುವಾಗಿತ್ತು. ಮೊದಲ ದಿನವೇ ನಾನು ಹೋದೆ. ಒಂದನೇ ತರಗತಿಯ ಮಕ್ಕಳ ಬೆಂಚು. ಕೂತರೆ ಮಂಡಿ ಗದ್ದಕ್ಕೆ ತಾಗುತ್ತಿತ್ತು. ಅಲ್ಲಿ ನಾವು ಹನ್ನೊಂದು ಜನ ಹೆಂಗಸರು, ನಾಲ್ಕು ಜನ ಗಂಡಸರು. ಟೀಚರಮ್ಮ ನನ್ನ ಮೊಮ್ಮಗಳ ವಯಸ್ಸಿನವಳು, ನಮ್ಮನ್ನು ಗದರಿಸಲು ಅವಳಿಗೆ ನಾಚಿಕೆ. ನಾವೇ ಅವಳಿಗೆ ಗದರಿಸುವುದನ್ನು ಕಲಿಸಿದೆವು.

ತಮ್ಮನಿಗೆ ಗೊತ್ತಾದಾಗ ಮುಖ ಸಣ್ಣದು ಮಾಡಿದ. "ಅಕ್ಕಾ, ಈ ವಯಸ್ಸಲ್ಲಿ ನಿಂಗ್ಯಾಕೆ ಇದು?"

"ನೀನು ಎದ್ದು ನಿಂತು ತಂದದ್ದಲ್ವೇನೋ. ನಾವೇ ಹೋಗದಿದ್ರೆ ಯಾರು ಹೋಗ್ತಾರೆ?"

ಮುಂದಿನ ವಾರ ಅವನೇ ಶಾಲೆಗೆ ಬಂದು, ಟೀಚರಮ್ಮನ ಕುರ್ಚಿಯ ಬೆತ್ತ ನೋಡಿ, "ಇದ್ಯಾವ ಕಟುಕ ಹೆಣೆದದ್ದು" ಎಂದು ಬೈದು, ಅಲ್ಲೇ ಕೂತು ಬಿಚ್ಚಿ ಹೊಸದಾಗಿ ಹೆಣೆದುಕೊಟ್ಟ. ಗ್ಯಾರಂಟಿ ಎಷ್ಟು ವರ್ಷ ಎಂದು ಅವಳು ಕೇಳಲಿಲ್ಲ. ಕೇಳದ್ದಕ್ಕೆ ಅವನಿಗೆ ಬೇಸರವಾಯಿತು.

ಹೀಗೇ ಎರಡು ವರ್ಷ ಕಳೆದ ಮೇಲೆ ಕೊಡೆ ಹಿರಿಯರು ಮತ್ತೆ ಬಂದರು. ಈ ಸಲ ಕೊಡೆ ಮಡಚಿತ್ತು. ಕೂತರು, ನೀರು ಕೇಳಿ ಕುಡಿದರು.

"ನೋಡಪ್ಪಾ, ಹಳೇದೆಲ್ಲ ಮರೆತುಬಿಡೋಣ. ಸಂಜೆ ಶಾಲೆ ರದ್ದು ಮಾಡೋ ಮಸೂದೆ ತರ್ತಾ ಇದ್ದೀವಿ. ನಿನಗೂ ಅದು ಮೊದಲಿಂದ ಇಷ್ಟ ಇರಲಿಲ್ಲ. ಈ ಸಲ ನಾವು ಎದ್ದು ನಿಲ್ತೀವಿ. ನೀನೂ ನಮ್ಮ ಜೊತೆ ಎದ್ದುಬಿಡು. ಮತ್ತೆ ಪಕ್ಷಕ್ಕೆ ಕರ್ಕೋತೀವಿ."

ನಾನು ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದೆ. ಕೈಯಲ್ಲಿ ಕಾಪಿಪುಸ್ತಕವಿತ್ತು. ಒತ್ತಕ್ಷರದ ಪಾಠ ಆಗಷ್ಟೇ ಶುರುವಾಗಿತ್ತು.

"ಶಾಲೆ ಈಗ ಇದೆಯಲ್ಲ" ಎಂದ ತಮ್ಮ.

"ಇದೆ. ಅದಕ್ಕೇ ರದ್ದು ಮಾಡೋದು."

"ಇರೋದನ್ನ ಕೆಡಿಸಬಾರದು ಅಂತ ನೀವೇ ಅಲ್ವಾ ಹೇಳಿಕೊಟ್ಟದ್ದು?"

ಹಿರಿಯರು ಕೊಡೆಯನ್ನು ಗೋಡೆಗೆ ಒರಗಿಸಿದರು. "ಅದು ಹಳೇದಕ್ಕೆ ಕಣಯ್ಯಾ. ಇದು ಹೊಸದು."

"ಎಷ್ಟು ವರ್ಷಕ್ಕೆ ಹಳೇದಾಗುತ್ತೆ?"

ಹಿರಿಯರು ಎದ್ದು ಹೊರಟರು. ಕೊಡೆ ನಮ್ಮ ಮನೆಯಲ್ಲೇ ಉಳಿಯಿತು.

ಮತ ಎಣಿಸುವ ದಿನ ನಮ್ಮ ತರಗತಿಯ ಹದಿನೈದೂ ಜನರನ್ನು ಟೀಚರಮ್ಮ ಸದನದ ಗ್ಯಾಲರಿಗೆ ಕರೆದುಕೊಂಡು ಹೋದಳು. ಮಾತಾಡಬಾರದು, ಕೆಮ್ಮಬಾರದು, ಕೈ ಆಡಿಸಬಾರದು ಎಂದು ಬೋರ್ಡು ಹಾಕಿದ್ದರು. ನಾವು ಅದನ್ನು ಜೋರಾಗಿ ಓದಿದ್ದಕ್ಕೆ ಕಾವಲುಗಾರ ಗದರಿಸಿದ.

ಲೆಕ್ಕ ಎಲ್ಲರಿಗೂ ಮೊದಲೇ ಗೊತ್ತಿತ್ತು. ಹಲ್ಲುನೋವಿನವರು ಅವತ್ತೂ ಬಂದಿರಲಿಲ್ಲ. ತಮ್ಮ ಕೂತರೆ ಶಾಲೆ ಉಳಿಯುತ್ತದೆ, ಎದ್ದರೆ ಹೋಗುತ್ತದೆ.

"ಪರವಾಗಿರುವವರು ಎದ್ದು ನಿಲ್ಲಿ."

ಅರವತ್ತೊಂಬತ್ತು ಮಂದಿ ಎದ್ದರು. ತಮ್ಮ ಎರಡೂ ಕೈಯಲ್ಲಿ ಕುರ್ಚಿಯ ತೋಳು ಹಿಡಿದು ಹಿಂದಕ್ಕೆ ಒರಗಿದ. ಆಗ ಸದ್ದಾಯಿತು. ಒಂದು ಎಳೆ, ಆಮೇಲೆ ಎರಡು, ಆಮೇಲೆ ಎಲ್ಲ ಒಟ್ಟಿಗೆ. ಗ್ಯಾಲರಿಯಲ್ಲಿದ್ದ ನನಗೇ ಕೇಳಿಸಿತು. ಈ ಸಲ ಕನ್ನಡಕ ಅವನ ಮೂಗಿನ ಮೇಲೇ ಇತ್ತು.

ತಮ್ಮ ನಿಧಾನವಾಗಿ ಕೆಳಗಿಳಿದ. ಸೊಂಟ ಚೌಕಟ್ಟಿನೊಳಗೆ ಹೋಯಿತು, ಮಂಡಿ ಎದೆಗೆ ಬಂತು. ಕೊನೆಗೆ ಮೇಜಿನ ಮೇಲೆ ಕಂಡದ್ದು ಎರಡು ಬೂಟು ಮತ್ತು ಒಂದು ಕನ್ನಡಕ.

ಇಡೀ ಸದನಕ್ಕೆ ಅವನ ಮೇಲೆ ಒಮ್ಮೆಲೇ ಮಮತೆ ಉಕ್ಕಿತು. ಕೊಡೆ ಹಿರಿಯರು ಎಲ್ಲರಿಗಿಂತ ಮೊದಲು ಬಂದು ಕೈ ಚಾಚಿದರು. "ಅಯ್ಯೋ ಪಾಪ, ಏಳಪ್ಪಾ ಏಳು. ಪೆಟ್ಟಾಗಿರುತ್ತೆ. ನನ್ನ ಕೈ ಹಿಡ್ಕೊ."

"ಬೇಡಿ. ಆರಾಮಾಗಿದ್ದೀನಿ."

"ಬೆನ್ನು ಮುರಿದುಹೋಗುತ್ತೆ ಕಣೋ. ಡಾಕ್ಟರನ್ನ ಕರೆಸ್ತೀವಿ, ಎದ್ದು ಬಾ."

"ಎಣಿಸೋದು ಮುಗೀಲಿ."

ಇಬ್ಬರು ಸೇರಿ ಕಂಕುಳಿಗೆ ಕೈ ಹಾಕಿ ಎಳೆದರು. ಕುರ್ಚಿಯೂ ಜೊತೆಗೇ ಎದ್ದಿತು. ಅವನು ಕುರ್ಚಿಯ ತೋಳು ಬಿಡಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಕಾಲು ಜೋಮು ಹಿಡಿದು ಕೂತ ಮನುಷ್ಯ ಇವತ್ತು ಬುದ್ಧಿ ಸ್ಥಿಮಿತದಲ್ಲಿಟ್ಟುಕೊಂಡು ಕೂತಿದ್ದ.

ಗುಮಾಸ್ತರು ಬಗ್ಗಿ ನೋಡಿ ಸಭಾಧ್ಯಕ್ಷರ ಕಡೆ ತಿರುಗಿದರು. "ಸ್ವಾಮಿ, ನಲವತ್ತೇಳನೆಯವರನ್ನ ಹೇಗೆ ಬರ್ಕೊಳ್ಳಲಿ? ಅವರ ಕೆಳಗೆ ಕುರ್ಚಿ ಇಲ್ಲ."

"ನಿಂತಿದ್ದಾರಾ?"

"ಇಲ್ಲ ಸ್ವಾಮಿ."

"ಮಲಗಿದ್ದಾರಾ?"

"ಹಾಗೂ ಹೇಳೋಕಾಗಲ್ಲ."

"ಹಾಗಾದ್ರೆ ಕೂತಿದ್ದಾರೆ. ಬರ್ಕೊಳ್ಳಿ."

ಕೂತವರು ಎಪ್ಪತ್ತು. ಶಾಲೆ ಉಳಿಯಿತು. ಕೈ ಆಡಿಸಬಾರದೆಂಬ ಬೋರ್ಡನ್ನು ನಾವು ಹದಿನೈದು ಜನವೂ ಒಟ್ಟಿಗೆ ಮರೆತೆವು.

ಆಗ ಕೊಡೆ ಹಿರಿಯರು ಸಿಟ್ಟಿನಲ್ಲಿ ದೊಡ್ಡ ದನಿಯಲ್ಲೇ ಅಂದರು, "ಇದೇನಾ ನಿನ್ನ ಇಪ್ಪತ್ತೈದು ವರ್ಷದ ಬಾಳಿಕೆ?"

ಚೌಕಟ್ಟಿನೊಳಗಿಂದ ತಮ್ಮನ ದನಿ ಬಂತು. ನಾನು ಅವನ ಜೀವಮಾನದಲ್ಲಿ ಕೇಳಿದ ಅತ್ಯಂತ ಹೆಮ್ಮೆಯ ದನಿ ಅದು. "ಗ್ಯಾರಂಟಿ ಮುಗಿದು ಮೂರು ತಿಂಗಳಾಯ್ತು ಸ್ವಾಮಿ. ಗುಮಾಸ್ತರನ್ನ ಕೇಳಿ."

ಗುಮಾಸ್ತರು ಕಡತ ತೆಗೆಸಿ ನೋಡಿದರು. ಮೂರು ತಿಂಗಳು ನಾಲ್ಕು ದಿನ.

ವಾರದ ಮೇಲೆ ಆ ಕುರ್ಚಿ ನಮ್ಮ ಮನೆಗೇ ರಿಪೇರಿಗೆ ಬಂತು. ತಮ್ಮನಿಗೆ ಆಗ ಅರವತ್ತೇಳು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡೇ ಆರು ದಿನ ಕೂತು ಹೆಣೆದ. ಏಳನೆಯ ದಿನ ಗುಮಾಸ್ತರು ಬಂದು, "ಗ್ಯಾರಂಟಿ ಎಷ್ಟು ವರ್ಷ ಬರೆಯೋಣ?" ಎಂದರು.

ತಮ್ಮ ಕಣ್ಣು ಮುಚ್ಚಿದ. "ಇಪ್ಪತ್ತೈದು."

"ಅಷ್ಟು ದಿನ ಯಾರು ಇರ್ತಾರೋ" ಎಂದಳು ಅವನ ಹೆಂಡತಿ.

"ಕುರ್ಚಿ ಇರುತ್ತೆ ಬಿಡು."

ನನ್ನನ್ನು ಆ ಕುರ್ಚಿಯ ಮೇಲೇ ಕೂರಿಸಿದರು. ಗುಮಾಸ್ತರು ಹಳೆಯ ರೂಢಿಯಂತೆ ಚೀಲದಿಂದ ಇಂಕ್ ಪ್ಯಾಡ್ ತೆಗೆದು ನನ್ನ ಮುಂದೆ ಇಟ್ಟು ಮುಚ್ಚಳ ತೆರೆದರು.

"ಅದು ಬೇಡ" ಎಂದ ತಮ್ಮ. "ಅದನ್ನ ತೆಗೀರಿ. ಅಕ್ಕನಿಗೆ ಪೆನ್ನು ಕೊಡಿ."

ಇದ್ದದ್ದನ್ನು ತೆಗೆಯಿರಿ ಎಂದು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ನಾನು ಪೆನ್ನು ಹಿಡಿದೆ. ನನ್ನ ಹೆಸರಿನಲ್ಲಿ ಒಂದು ಒತ್ತಕ್ಷರ ಇದೆ, ಅಲ್ಲಿ ಸ್ವಲ್ಪ ತಡವಾಯಿತು. ಯಾರೂ ಅವಸರ ಮಾಡಲಿಲ್ಲ.

ಬರೆದು ಮುಗಿಸಿ ತಲೆ ಎತ್ತಿದರೆ, ತಮ್ಮ ಸೊಂಟದ ಪಟ್ಟಿ ಹಿಡಿದುಕೊಂಡು ಎದ್ದು ನಿಂತಿದ್ದ. ಅವತ್ತು ಯಾವುದೂ ಮುರಿದಿರಲಿಲ್ಲ.